ಹೆಣ್ಣು ಮರಿ ಯಾರೂ ಒಯ್ಯಲ್ಲ: ಬೀದಿನಾಯಿ ಲೆಕ್ಕ ತಪ್ಪೋದೇ ಅಲ್ಲಿ

ಬೀದಿನಾಯಿ ವಿಷಯ ಎತ್ತಿದರೆ ಸಾಕು, ನಮ್ಮಲ್ಲಿ ಎರಡು ಪಾರ್ಟಿ ಆಗಿಬಿಡುತ್ತವೆ. ಒಂದು, ‘ಎಲ್ಲಾ ಹಿಡಿದು ಊರಾಚೆ ಬಿಟ್ಟು ಬರ್ರಿ’ ಪಾರ್ಟಿ. ಇನ್ನೊಂದು, ‘ಪಾಪ ಮೂಕಪ್ರಾಣಿ, ಅನ್ನ ಹಾಕ್ರಿ’ ಪಾರ್ಟಿ. 2025ರಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳೊಳಗೆ ಮೂರು ಆದೇಶ ಕೊಟ್ಟ ಮೇಲಂತೂ ಈ ಜಗಳ ಟೀವಿಯಿಂದ ವಾಟ್ಸ್‌ಆ್ಯಪ್ ಗ್ರೂಪಿಗೆ, ಅಲ್ಲಿಂದ ಮನೆಯ ಪಡಸಾಲೆಗೆ ಬಂದು ಕೂತಿದೆ. ನನ್ನ ತಕರಾರು ಇಷ್ಟೇ: ಎರಡೂ ಪಾರ್ಟಿಯವರು ಲೆಕ್ಕ ಹಾಕಿಲ್ಲ.

ಕಲಬುರಗಿಯಲ್ಲಿ ಕೂತು ಈ ಮಾತು ಹೇಳೋದು ಸುಲಭವಲ್ಲ. ಇದು ದಾಸೋಹದ ಊರು. ಹೊಲದ ಜೋಳಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತಿನ್ನಲಿ ಎಂದು ಬಿಟ್ಟ ಶರಣಬಸವೇಶ್ವರರ ಕತೆ ಕೇಳಿ ಬೆಳೆದವರು ನಾವು. ಇದೇ ಜಿಲ್ಲೆಯ ಗಾಣಗಾಪುರದ ದತ್ತನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿ ಇರುತ್ತವೆ, ನಾಲ್ಕು ವೇದ ಅಂತ ಅವಕ್ಕೆ ಕೈಮುಗಿಯುತ್ತೇವೆ. ಅನ್ನ ಹಾಕಬೇಡಿ ಅಂತ ಇಲ್ಲಿ ಯಾರಿಗೂ ಹೇಳೋಕಾಗಲ್ಲ, ಹೇಳಲೂಬಾರದು.

ಶರಣಬಸವೇಶ್ವರ ದೇವಸ್ಥಾನದ ಹತ್ತಿರ, ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಸಂಜೆ ಹೊತ್ತು ಒಬ್ಬ ಆಯಿ ರೊಟ್ಟಿ ಚೂರು ತಂದು ನಾಯಿಗಳಿಗೆ ಹಾಕ್ತಾರೆ. ಹೋದ ಚಳಿಗಾಲದಲ್ಲಿ ಅಲ್ಲೊಂದು ನಾಯಿ ಆರು ಮರಿ ಹಾಕಿತ್ತು. ‘ಎಲ್ಲಾ ಎಲ್ಲಿ ಹೋದ್ವು ಆಯಿ?’ ಅಂತ ಕೇಳಿದೆ. ‘ಗಂಡು ಮರಿ ಇದ್ರ ಬಂದವ್ರು ಎತ್ಕೊಂಡು ಹೋಗ್ತಾರ ತಮ್ಮಾ. ಹೆಣ್ಣಂದ್ರ ಮುಖ ತಿರುವ್ತಾರ. ಮೂರು ಗಂಡು ಹ್ವಾದ್ವು. ಒಂದು ಗಾಡಿ ಕೆಳಗ ಬಿತ್ತು. ಎರಡು ಹೆಣ್ಣು ಉಳದಾವ ನೋಡು.’

ಊರೂರಲ್ಲೂ ನಡೆಯೋದು ಇದೇ. ಮನೆಗೆ ಗಂಡು ಮರಿ. ಹೆಣ್ಣು ಮರಿ ಚೀಲದಲ್ಲಿ ತುಂಬಿಕೊಂಡು ಹೋಗಿ ಮಾರ್ಕೆಟ್ ಹಿಂದೆಯೋ, ಹೈವೇ ಪಕ್ಕವೋ ಬಿಟ್ಟು ಬರೋದು. ಸಾಕುವ ಆಸೆ ಇದ್ದವರೆಲ್ಲ ಸೇರಿ ಬೀದಿಯಿಂದ ಗಂಡು ಆರಿಸಿ ತೆಗೆದು, ಮರಿ ಹಾಕುವ ಹೆಣ್ಣುಗಳನ್ನೇ ಬೀದಿಗೆ ಉಳಿಸುತ್ತಿದ್ದೇವೆ. ಆಮೇಲೆ ಬೀದಿ ತುಂಬ ನಾಯಿ ಆಯ್ತು ಅಂತ ಪಾಲಿಕೆಗೆ ಬೈಯೋದು.

ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಬರೆಯೋದು. ಕಲಿತ ವಿದ್ಯೆ ಪೂರ್ತಿ ಹಾಳಾಗಿಲ್ಲ ಅನ್ನೋದಕ್ಕೆ ಇಲ್ಲೊಂದು ಕಾಗದದ ಲೆಕ್ಕ. ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ: ಬರುವ ನೀರು, ಹೋಗುವ ನೀರು, ಅಷ್ಟೇ.

ಒಂದು ವಾರ್ಡಿನಲ್ಲಿ 100 ನಾಯಿ ಇವೆ ಅಂದುಕೊಳ್ಳೋಣ, ಅದರಲ್ಲಿ 50 ಹೆಣ್ಣು. ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರಬಹುದು, ಗರ್ಭ ನಿಂತರೆ ಸುಮಾರು 63 ದಿನಕ್ಕೆ ಮರಿ. ನಾನು ಉದಾರವಾಗಿ ವರ್ಷಕ್ಕೆ ಒಂದೇ ಸೂಲು, ಸೂಲಿಗೆ 5 ಮರಿ ಅಂತ ಹಿಡಿಯುತ್ತೇನೆ. 250 ಮರಿ ಹುಟ್ಟಿದವು. ಬೀದಿಯ ಮರಿಗಳಲ್ಲಿ ಹೆಚ್ಚಿನವು ಪಾರ್ವೊ, ಡಿಸ್ಟೆಂಪರ್ ರೋಗಕ್ಕೆ, ಗಾಡಿ ಚಕ್ರಕ್ಕೆ, ಹಸಿವಿಗೆ ಸಾಯುತ್ತವೆ. ನಾಲ್ಕರಲ್ಲಿ ಒಂದು ಮಾತ್ರ ಉಳಿಯಿತು ಅನ್ನಿ, ಆದರೂ 62. ದೊಡ್ಡ ನಾಯಿಗಳಲ್ಲಿ ವರ್ಷಕ್ಕೆ 30 ಸತ್ತವು. ವರ್ಷದ ಕೊನೆಗೆ 132 ನಾಯಿ.

ಈಗ 50 ಹೆಣ್ಣಿನಲ್ಲಿ 15ಕ್ಕೆ, ಅಂದರೆ ಶೇ. 30ಕ್ಕೆ, ಸಂತಾನಹರಣ ಆಪರೇಷನ್ ಮಾಡಿಸಿ. ಉಳಿದ 35 ಹೆಣ್ಣು, 175 ಮರಿ, ಉಳಿಯೋದು 44. ವರ್ಷದ ಕೊನೆಗೆ 114 ನಾಯಿ. ದುಡ್ಡು ಖರ್ಚಾಯಿತು, ಫೋಟೊ ಪೇಪರಿನಲ್ಲಿ ಬಂತು, ನಾಯಿ ಹೆಚ್ಚೇ ಆದವು. ನೋಡುವವರಿಗೆ ‘ಆಪರೇಷನ್ನಿಂದ ಏನೂ ಆಗಲ್ಲ’ ಅನ್ನಿಸೋದು ಸಹಜ. ಶೇ. 70 ಮಾಡಿಸಿ ನೋಡಿ: 15 ಹೆಣ್ಣು, 75 ಮರಿ, ಉಳಿಯೋದು 19. ವರ್ಷದ ಕೊನೆಗೆ 89. ಟ್ಯಾಂಕ್ ಖಾಲಿಯಾಗೋಕೆ ಶುರು.

ಈ ಲೆಕ್ಕದಲ್ಲಿ ಏರೋದು ನಿಂತು ಇಳಿಯೋಕೆ ಶುರುವಾಗುವ ಗೆರೆ ಸುಮಾರು ಶೇ. 52ರ ಹತ್ತಿರ ಬರುತ್ತೆ. ಗೆರೆ ದಾಟದ ಕೆಲಸಕ್ಕೆ ಅರ್ಧ ಫಲ ಕೂಡ ಸಿಗಲ್ಲ, ಏರುವ ವೇಗ ಕಡಿಮೆಯಾಗುತ್ತೆ ಅಷ್ಟೇ. ಇನ್ನೊಂದು ವಿಷಯ ಗಮನಿಸಿ. 50 ಗಂಡಿನಲ್ಲಿ 35ಕ್ಕೆ ಆಪರೇಷನ್ ಮಾಡಿ, ಹೆಣ್ಣಿಗೆ ಒಂದಕ್ಕೂ ಮಾಡದಿದ್ದರೆ ಹುಟ್ಟುವ ಮರಿಗಳು ಆಗಲೂ 250. ಉಳಿದ 15 ಗಂಡು ಸಾಕು. ಹಾಗಾಗಿ ‘ಈ ವರ್ಷ ಇಷ್ಟು ಸಾವಿರ ನಾಯಿಗಳಿಗೆ ಶಸ್ತ್ರಚಿಕಿತ್ಸೆ’ ಎಂಬ ಪ್ರಕಟಣೆ ಓದಿದಾಗ ಕೇಳಬೇಕಾದ್ದು: ಹೆಣ್ಣು ಎಷ್ಟು, ಯಾವ ವಾರ್ಡಿನಲ್ಲಿ, ಅಲ್ಲಿರುವ ಒಟ್ಟು ಹೆಣ್ಣಿನಲ್ಲಿ ಅದು ಎಷ್ಟನೇ ಪಾಲು? ಊರೆಲ್ಲ ಹಂಚಿ ಅಲ್ಲೊಂದು ಇಲ್ಲೊಂದು ಮಾಡಿದ ಸಾವಿರಕ್ಕಿಂತ ಒಂದೇ ಕಡೆ ಮುಗಿಸಿದ ಮುನ್ನೂರು ಮೇಲು.

ಸರಿ, ಶೇ. 70 ಆಯ್ತು, ಟೆಂಡರ್ ಮುಗೀತು, ಎರಡು ವರ್ಷ ಬಿಟ್ಟರೆ? ಹೊಸದಾಗಿ ಉಳಿದ ಮರಿಗಳಲ್ಲಿ ಅರ್ಧ ಹೆಣ್ಣು, ಅವಕ್ಕೆ ಆಪರೇಷನ್ ಆಗಿಲ್ಲ. ಆಪರೇಷನ್ ಆದ ಹಳೇ ನಾಯಿಗಳು ವಯಸ್ಸಾಗಿ ಸಾಯುತ್ತಾ ಹೋಗುತ್ತವೆ. ಇದೇ ಲೆಕ್ಕ ಮುಂದುವರಿಸಿದರೆ 70 ಇದ್ದ ಪಾಲು ಮರುವರ್ಷ 55ಕ್ಕೆ, ಅದರ ಮರುವರ್ಷ 40ರ ಕೆಳಗೆ. ಮತ್ತೆ ಏರಿಕೆ. ನಾಯಿ ಆಪರೇಷನ್ ಅನ್ನೋದು ರಸ್ತೆಗೆ ಡಾಂಬರು ಹಾಕಿದಂಗೆ ಒಂದು ಸಲದ ಕಾಮಗಾರಿ ಅಲ್ಲ, ಚರಂಡಿ ಸ್ವಚ್ಛ ಮಾಡಿದಂಗೆ ಪ್ರತಿ ವರ್ಷದ ಕೆಲಸ.

ಇದು ನನ್ನ ಕಾಗದದ ವಾರ್ಡು. ಬೀದಿಯಲ್ಲಿ ನಡೆದದ್ದೂ ಇದೆ. ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆ 1994ರಿಂದ ಹೆಣ್ಣುನಾಯಿಗಳ ಮೇಲೇ ಹೆಚ್ಚು ಗಮನ ಕೊಟ್ಟು ಕೆಲಸ ಮಾಡಿತು. ಸುಮಾರು ಶೇ. 65 ಹೆಣ್ಣುಗಳಿಗೆ ಆಪರೇಷನ್, ಲಸಿಕೆ ಆಯಿತು. ಎಂಟು ವರ್ಷದಲ್ಲಿ ನಾಯಿಗಳ ಸಂಖ್ಯೆ ಶೇ. 28 ಇಳಿಯಿತು, ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ಮನುಷ್ಯರ ರೇಬಿಸ್ ಪ್ರಕರಣ ಸೊನ್ನೆಗೆ ಬಂತು. ನಮ್ಮದೇ ಬೆಂಗಳೂರಿನಲ್ಲಿ 2019ರ ಸಮೀಕ್ಷೆಯಲ್ಲಿ 3.10 ಲಕ್ಷ ಬೀದಿನಾಯಿ, ಆಪರೇಷನ್ ಆದವು ಶೇ. 51ರಷ್ಟು. 2023ರಲ್ಲಿ 2.79 ಲಕ್ಷ ನಾಯಿ, ಆಪರೇಷನ್ ಆದವು ಶೇ. 72ರ ಹತ್ತಿರ. ಮ್ಯಾಜಿಕ್ ಏನಲ್ಲ, ನಾಲ್ಕು ವರ್ಷದಲ್ಲಿ ಹತ್ತರಲ್ಲಿ ಒಂದು ಕಡಿಮೆ. ಆದರೆ ಬೆಂಗಳೂರಿನಂಥ ಊರಲ್ಲಿ ದಿಕ್ಕು ಬದಲಾಯಿತಲ್ಲ, ಅದು ಸಣ್ಣದಲ್ಲ.

‘ಹಿಡಿದು ಒಯ್ದುಬಿಡಿ’ ಪಾರ್ಟಿಗೆ ಈಗ ಬರೋಣ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ದಿಲ್ಲಿ ಸುತ್ತಮುತ್ತಲ ಬೀದಿನಾಯಿಗಳನ್ನೆಲ್ಲ ಶೆಲ್ಟರ್‌ಗೆ ಹಾಕಿ ಅಂದಿತು. ಆಗಸ್ಟ್ 22ರಂದು ಮೂವರ ಪೀಠ ಅದನ್ನು ತಿದ್ದಿ, ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಿ ಅಂದಿತು. ರೇಬಿಸ್ ಇರುವ, ಕಚ್ಚುವ ಸ್ವಭಾವದ ನಾಯಿಗಳನ್ನು ಮಾತ್ರ ಬಿಡುವಂತಿಲ್ಲ. ಅನ್ನ ಹಾಕೋದಕ್ಕೆ ವಾರ್ಡುವಾರು ಜಾಗ ಗುರುತಿಸಿ ಅಂತಲೂ ಹೇಳಿತು. ನವೆಂಬರ್ 7ರಂದು ಇನ್ನೊಂದು ಆದೇಶ: ಶಾಲೆ-ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಿಂದ ನಾಯಿಗಳನ್ನು ತೆಗೆದು ಶೆಲ್ಟರ್‌ಗೆ ಕಳಿಸಿ, ಮತ್ತೆ ಅಲ್ಲಿಗೆ ಬಿಡಬೇಡಿ.

ದೇವಸ್ಥಾನ ಆ ಪಟ್ಟಿಯಲ್ಲಿಲ್ಲ. ಆದರೆ ನಮ್ಮ ಶರಣಬಸವೇಶ್ವರ ದೇವಸ್ಥಾನದ ಆಸುಪಾಸಿನಲ್ಲೇ ಸಂಸ್ಥಾನದ ಶಾಲೆ, ಕಾಲೇಜುಗಳಿವೆ. ಕಾಂಪೌಂಡ್ ಒಳಗೆ ನವೆಂಬರ್ ಆದೇಶ, ಹೊರಗಿನ ರಸ್ತೆಗೆ ಆಗಸ್ಟ್ ಆದೇಶ. ಇದು ನಾಯಿಗೆ ಯಾರು ಓದಿ ಹೇಳಬೇಕು?

ಶಾಲೆ ಮಕ್ಕಳ ಕಾಲಿಗೆ ನಾಯಿ ಬೀಳುವ ಜಾಗದಲ್ಲಿ ಕೋರ್ಟಿನ ಆತಂಕ ನನಗೆ ಅರ್ಥವಾಗುತ್ತೆ, ಅದನ್ನು ಗೇಲಿ ಮಾಡುವ ನಾಯಿಪ್ರಿಯರ ಜೊತೆ ನಾನಿಲ್ಲ. ಆದರೆ ಎಲ್ಲಾ ನಾಯಿಗಳನ್ನೂ ಶೆಲ್ಟರ್‌ಗೆ ಹಾಕೋಣ ಅನ್ನೋರಿಗೆ ಒಂದು ಗುಣಾಕಾರ. 2019ರ ಜಾನುವಾರು ಗಣತಿ ಪ್ರಕಾರ ಕರ್ನಾಟಕದಲ್ಲಿ ಬೀದಿನಾಯಿ ಸುಮಾರು 11.4 ಲಕ್ಷ. 2025ರಲ್ಲಿ ಬಿಬಿಎಂಪಿ ಬೀದಿನಾಯಿಗೆ ಚಿಕನ್ ರೈಸ್ ಹಾಕುವ ಯೋಜನೆ ಮಾಡಿ ಎಲ್ಲರ ಬಾಯಿಗೆ ಬಿತ್ತಲ್ಲ, ಅದರ ವೆಚ್ಚ ವರ್ಷಕ್ಕೆ 2.88 ಕೋಟಿ. 5 ಸಾವಿರ ನಾಯಿಗೆ ಅಂತ ಹಿಡಿದರೂ ಒಂದಕ್ಕೆ ವರ್ಷಕ್ಕೆ 5,760 ರೂಪಾಯಿ. ಅದೇ ದರದಲ್ಲಿ ರಾಜ್ಯದ ಎಲ್ಲ ಬೀದಿನಾಯಿಗೆ ಊಟ ಹಾಕಿದರೆ ವರ್ಷಕ್ಕೆ 650 ಕೋಟಿ ಮೇಲೆ. ಅದೂ ಬರೀ ಊಟಕ್ಕೆ. ಜಾಗ, ಕಟ್ಟಡ, ಡಾಕ್ಟರ್, ಔಷಧಿ, ಕೂಲಿ ಬೇರೆ. ಸರ್ಕಾರಿ ಹಾಸ್ಟೆಲ್ ಹುಡುಗರ ಊಟಕ್ಕೇ ಹೋರಾಟ ಮಾಡಬೇಕಾದ ಭಾಗದಿಂದ ಬಂದವನು ನಾನು. ಈ ದುಡ್ಡು ಎಲ್ಲಿಂದಲೂ ಬರಲ್ಲ. ಬರದೇ ಇದ್ದಾಗ ಶೆಲ್ಟರ್ ಅನ್ನೋದು ನಾಯಿಗಳು ಒಂದಕ್ಕೊಂದು ರೋಗ ಅಂಟಿಸಿಕೊಂಡು ಸಾಯುವ ದೊಡ್ಡಿ ಆಗುತ್ತೆ. ಇನ್ನು, ಕಸದ ತೊಟ್ಟಿ ತುಂಬಿದ್ದು ಹಾಗೇ ಇದ್ದರೆ ಒಂದು ಬೀದಿ ಖಾಲಿ ಮಾಡಿದಷ್ಟೇ ಬೇಗ ಪಕ್ಕದ ಬೀದಿಯ ನಾಯಿ ಬರುತ್ತೆ. ಆ ಹೊಸ ನಾಯಿಗೆ ಲಸಿಕೆಯೂ ಆಗಿರಲ್ಲ, ಆಪರೇಷನ್ನೂ ಆಗಿರಲ್ಲ.

ಮನೆ ನಾಯಿ ಯಾರ ಲೆಕ್ಕಕ್ಕೆ?

2001ರ ನಿಯಮಗಳ ಬದಲಿಗೆ 2023ರಲ್ಲಿ ಹೊಸ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಂದಿವೆ. ಬೀದಿನಾಯಿಯ ಆಪರೇಷನ್, ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ ಅಂತ ಅದರಲ್ಲಿದೆ. ಅದೆಲ್ಲರಿಗೂ ಗೊತ್ತು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಷೇರ್ ಮಾಡಲ್ಲ: ಸಾಕುಪ್ರಾಣಿಗೆ ಜಂತು ಔಷಧಿ, ಲಸಿಕೆ, ಸಂತಾನಹರಣ ಮಾಡಿಸೋದು ಮಾಲೀಕರ ಜವಾಬ್ದಾರಿ. ಅಂದರೆ ನಿಮ್ಮದು, ನನ್ನದು.

ಕಮಲಾಪುರ ಕಡೆ ತೋಟ, ಹೊಲಗಳಲ್ಲಿ ನಾಯಿ ಇಲ್ಲದ ಮನೆ ಅಪರೂಪ. ಅವಕ್ಕೆ ಹಗ್ಗವೂ ಇಲ್ಲ, ಬೇಲಿಯೂ ಇಲ್ಲ. ಹಗಲು ಮನೆ ನಾಯಿ, ರಾತ್ರಿ ಬೀದಿನಾಯಿ. ಅಲ್ಲಿನ ಕೆಂಬಾಳೆ ಬೆಳೆಗಾರರೊಬ್ಬರ ಹತ್ತಿರ ಹೆಣ್ಣುನಾಯಿಗೆ ಆಪರೇಷನ್ ಮಾಡಿಸೋ ಮಾತು ತೆಗೆದೆ. ‘ಪಾಪ ಬರ್ತದ್ರೀ, ದೇವ್ರು ಕೊಟ್ಟಿದ್ದು ಕಿತ್ತು ಹಾಕೋದಂದ್ರ’ ಅಂದರು. ‘ಕಾಕಾ, ಹೋರಿಗೆ ಬೀಜ ಒಡಿಸ್ತೀರಲ್ಲ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ‘ಅದು ಗಳೇವು ಹೊಡಿಲಾಕ ಬೇಕಲ್ಲಪ್ಪ.’

ಎತ್ತಿನ ಬೀಜ ಒಡೆಸೋದು ತಲೆತಲಾಂತರದಿಂದ ನಡೆದಿದೆ, ಹಳೇ ಕಾಲದಲ್ಲಿ ಅರಿವಳಿಕೆಯೂ ಇರಲಿಲ್ಲ. ಅದರಲ್ಲಿ ಯಾರಿಗೂ ಪಾಪ ಕಂಡಿಲ್ಲ, ಯಾಕಂದರೆ ಅದರಿಂದ ನಮಗೆ ಕೆಲಸ ಇತ್ತು. ನಾಯಿಯ ವಿಷಯದಲ್ಲಿ ಮಾತ್ರ ಪಾಪ-ಪುಣ್ಯ ನೆನಪಾಗುತ್ತೆ. ಹುಟ್ಟಿದ ಮರಿಗಳನ್ನು ಚೀಲದಲ್ಲಿ ತುಂಬುವಾಗ ಆ ಪಾಪದ ಮಾತು ಎಲ್ಲಿರುತ್ತೋ ಗೊತ್ತಿಲ್ಲ. ಕಾನೂನು ಕೂಡ ಅಲ್ಲಿ ಮೆತ್ತಗೇ ಇದೆ. ಪ್ರಾಣಿಯನ್ನು ಹಸಿವು-ಬಾಯಾರಿಕೆಗೆ ಬಿಟ್ಟು ಹೋಗೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಒಂದು ಪ್ಲೇಟ್ ಮಿರ್ಚಿ-ಮಂಡಕ್ಕಿ ರೇಟು.

ಆಪರೇಷನ್ ಅಂದರೆ ಏನು ಮಾಡ್ತಾರೆ? ಹೆಣ್ಣಿಗೆ ಪೂರ್ತಿ ಅರಿವಳಿಕೆ ಕೊಟ್ಟು ಅಂಡಾಶಯ, ಗರ್ಭಕೋಶ ತೆಗೆಯುತ್ತಾರೆ. ಗಂಡಿಗೆ ವೃಷಣ ತೆಗೆಯುತ್ತಾರೆ, ಅದು ಸಣ್ಣ ಆಪರೇಷನ್. ಬೀದಿನಾಯಿಗೆ ಅದೇ ಹೊತ್ತಿನಲ್ಲಿ ರೇಬಿಸ್ ಲಸಿಕೆ ಹಾಕಿ, ಗುರುತಿಗೆ ಕಿವಿ ತುದಿ ಸ್ವಲ್ಪ ಕತ್ತರಿಸುತ್ತಾರೆ. ಕಿವಿ ಕತ್ತರಿಸಿದ ನಾಯಿ ಕಂಡರೆ ಯಾರೋ ಹಿಂಸೆ ಕೊಟ್ಟಿದ್ದಾರೆ ಅಂದುಕೊಳ್ಳಬೇಡಿ, ಅದು ಆಪರೇಷನ್ ಆದ ಗುರುತು. ಗಾಯ ಮಾಗುವ ತನಕ ಕೆಲವು ದಿನ ಇಟ್ಟುಕೊಂಡು, ಹಿಡಿದ ಜಾಗಕ್ಕೇ ತಂದು ಬಿಡಬೇಕು. ಬೇರೆ ಏರಿಯಾದಲ್ಲಿ ಬಿಟ್ಟರೆ ಅಲ್ಲಿನ ನಾಯಿಗಳು ಬದುಕೋಕೆ ಬಿಡಲ್ಲ.

‘ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸೋಣ’ ಅನ್ನೋದು ಬಹಳ ಕೇಳುವ ಮಾತು. ವೈದ್ಯಕೀಯವಾಗಿ ಅದಕ್ಕೆ ಆಧಾರವಿಲ್ಲ. ಆಪರೇಷನ್ ಆದ ಹೆಣ್ಣಿಗೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೆ ಕುತ್ತಾಗುವ ಪಯೋಮೆಟ್ರಾ ಬರಲ್ಲ, ಬೇಗ ಮಾಡಿಸಿದರೆ ಮೊಲೆಯ ಗಡ್ಡೆಯ ಭಯವೂ ಕಡಿಮೆ. ಬೀದಿನಾಯಿಗಳಲ್ಲಿ ಕೂಡುವಾಗಲೇ ಒಂದರಿಂದ ಒಂದಕ್ಕೆ ಅಂಟುವ ಒಂದು ಕ್ಯಾನ್ಸರ್ ಗಡ್ಡೆ ಇದೆ, ಟಿವಿಟಿ ಅಂತಾರೆ. ರಕ್ತ ಸೋರುತ್ತಾ ಓಡಾಡುವ ನಾಯಿ ನೀವೂ ನೋಡಿರಬಹುದು. ಬೆದೆ ನಿಂತರೆ ಅದು ಹರಡೋದೂ ಕಡಿಮೆ. ಕಾವಲು ಬುದ್ಧಿ ಹೋಗುತ್ತಾ? ಇಲ್ಲ. ದಪ್ಪ ಆಗುತ್ತಾ? ಆಗಬಹುದು, ಊಟ ಸ್ವಲ್ಪ ಕಡಿಮೆ ಹಾಕಿ. ಯಾವ ವಯಸ್ಸಿಗೆ ಅನ್ನೋದನ್ನು ಪಶುವೈದ್ಯರು ತಳಿ, ತೂಕ ನೋಡಿ ಹೇಳುತ್ತಾರೆ, ನಾಡತಳಿಗೆ ಸಾಮಾನ್ಯವಾಗಿ ಆರು ತಿಂಗಳ ಸುಮಾರಿಗೆ. ಬೆಕ್ಕು ಸಾಕಿದವರು ಇನ್ನೂ ಮುಂಚೆ ಎಚ್ಚರ ಆಗಬೇಕು, ಅದು ನಾಲ್ಕೈದು ತಿಂಗಳಿಗೇ ಗಬ್ಬ ಆಗಬಲ್ಲದು.

ಕಚ್ಚೋದಕ್ಕೂ ಇದಕ್ಕೂ ಸಂಬಂಧ ಇದೆ. ಬೀದಿನಾಯಿ ಸಿಟ್ಟಾಗುವ ಎರಡು ದೊಡ್ಡ ಸಂದರ್ಭ ಅಂದರೆ ಬೆದೆಗೆ ಬಂದ ಹೆಣ್ಣಿನ ಹಿಂದೆ ಗಂಡುಗಳ ಗುಂಪು, ಮತ್ತೆ ಮರಿ ಕಾಯುವ ತಾಯಿ. ಎರಡಕ್ಕೂ ಮೂಲ ಒಂದೇ. ಕಚ್ಚಿದರೆ ಸುಣ್ಣ, ಅರಿಶಿಣ, ಖಾರದಪುಡಿ ಏನೂ ಹಚ್ಚಬೇಡಿ. ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಸೀದಾ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯ ಎಲ್ಲ ಡೋಸ್ ಮುಗಿಸಿ, ಗಾಯ ಆಳವಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಕೇಳಿ. ರೇಬಿಸ್ ಲಕ್ಷಣ ಕಾಣಿಸಿದ ಮೇಲೆ ಔಷಧಿ ಇಲ್ಲ.

ಇನ್ನು ಸಾಕುವವರ ಮಾತು. 2022ರಲ್ಲಿ ‘777 ಚಾರ್ಲಿ’ ಬಂದಾಗ ಥಿಯೇಟರಿನಲ್ಲಿ ಅಳದವರು ಕಡಿಮೆ. ರಾಜ್ಯ ಸರ್ಕಾರ ಆರು ತಿಂಗಳು ಅದರ ತೆರಿಗೆ ಬಿಟ್ಟಿತು. ಆ ಸಿನಿಮಾದಲ್ಲಿ ಚಾರ್ಲಿ ತಪ್ಪಿಸಿಕೊಂಡು ಬರೋದೇ ಒಬ್ಬ ಕ್ರೂರ ಬ್ರೀಡರ್ ಕೈಯಿಂದ. ಅದನ್ನು ನೋಡಿ ಅತ್ತು, ಹೊರಗೆ ಬಂದು ಇನ್‌ಸ್ಟಾಗ್ರಾಂನಲ್ಲಿ ಲ್ಯಾಬ್ರಡಾರ್ ಮರಿ ರೇಟ್ ಕೇಳಿದರೆ ಸಿನಿಮಾ ನೋಡಿದ್ದೇ ದಂಡ. 2017ರ ನಿಯಮದ ಪ್ರಕಾರ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಫೋನಿನಲ್ಲಿ ಮರಿ ಮಾರುವವರ ಹತ್ತಿರ ನೋಂದಣಿ ಸಂಖ್ಯೆ ಕೇಳಿ ನೋಡಿ, ಎಷ್ಟು ಜನ ಕಾಲ್ ಕಟ್ ಮಾಡ್ತಾರೆ ಅಂತ. ಹಿಮದ ನಾಡಿನ ಹಸ್ಕಿಯನ್ನು ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ತಂದು ಕೂಲರ್ ಮುಂದೆ ಕೂರಿಸೋದು ಪ್ರೀತಿ ಅಂತ ನಾನು ಒಪ್ಪಲ್ಲ.

ನಾಡತಳಿಗೆ ಈ ಬಿಸಿಲು ಹೊಸದಲ್ಲ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯುಪಾದಂಥ ಸಂಸ್ಥೆಗಳ ಶೆಲ್ಟರ್‌ನಿಂದ ದತ್ತು ತರಬಹುದು. ಅಲ್ಲಿಂದ ಒಂದು ನಾಯಿ ಮನೆಗೆ ಬಂದರೆ, ಆ ಗೂಡು ಇನ್ನೊಂದು ಗಾಯಗೊಂಡ ನಾಯಿಗೆ ಸಿಗುತ್ತೆ. ಶೆಲ್ಟರ್ ಇರಬೇಕಾದ್ದೇ ಹಾಗೆ, ಧರ್ಮಶಾಲೆ ಥರ, ಜೈಲಿನ ಥರ ಅಲ್ಲ. ಆಗಸ್ಟ್ 22ರ ಆದೇಶದಲ್ಲಿ ಹೆಚ್ಚು ಜನ ಓದದ ಒಂದು ಅಂಶವೂ ಇದೆ: ಬೀದಿನಾಯಿಯನ್ನು ದತ್ತು ತಗೊಳ್ಳೋಕೆ ಯಾರು ಬೇಕಾದರೂ ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು. ಷರತ್ತು ಒಂದೇ, ಆ ನಾಯಿ ಮತ್ತೆ ಬೀದಿಗೆ ಬರಬಾರದು. ಬಾಡಿಗೆ ಮನೆ, ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋಗಬೇಕು ಅನ್ನುವವರು ಸುಮ್ಮನೆ ಹುರುಪಿಗೆ ಬಿದ್ದು ತರಬೇಡಿ. ನಾಯಿ ಹತ್ತು-ಹನ್ನೆರಡು ವರ್ಷ ಬದುಕುತ್ತೆ. ತರೋದೇ ಆದರೆ ಹೆಣ್ಣು ತನ್ನಿ. ಮೇಲಿನ ಲೆಕ್ಕದಲ್ಲಿ ಗಂಡು ಮರಿ ಮನೆಗೆ ಬಂದರೆ ಒಂದು ನಾಯಿಗೆ ಮನೆ ಸಿಕ್ಕಿತು ಅಷ್ಟೇ. ಹೆಣ್ಣು ಮರಿ ಬಂದು, ಅದಕ್ಕೆ ಆಪರೇಷನ್ ಆದರೆ, ಅದು ಬೀದಿಯಲ್ಲಿ ಪ್ರತಿ ವರ್ಷ ಹಾಕಬಹುದಾಗಿದ್ದ ಐದು ಮರಿ, ಆ ಮರಿಗಳ ಮರಿ, ಎಲ್ಲ ಲೆಕ್ಕದಿಂದ ಹೋಗುತ್ತವೆ.

ಇದು ವೈಯಕ್ತಿಕ ಪುಣ್ಯದ ಮಾತಷ್ಟೇ ಆದರೆ ಈ ಸೈಟಿನಲ್ಲಿ ಬರೆಯುತ್ತಿರಲಿಲ್ಲ. 2023ರ ನಿಯಮದಲ್ಲಿ ಸ್ಥಳೀಯ ಮೇಲ್ವಿಚಾರಣಾ ಸಮಿತಿ ಇರಬೇಕು ಅಂತಿದೆ. ನಿಮ್ಮ ಊರಿನ ಸಮಿತಿಯ ಸಭೆ ಯಾವಾಗ ನಡೆಯಿತು, ನಡಾವಳಿ ಎಲ್ಲಿದೆ, ನಾಯಿ ಎಣಿಸಿದ್ದು ಯಾವ ವರ್ಷ, ಎಲ್ಲವನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಅರ್ಜಿ ಶುಲ್ಕ 10 ರೂಪಾಯಿ. ನಮ್ಮ ಕಡೆಯವರಿಗೆ ಇನ್ನೊಂದು ಪ್ರಶ್ನೆ ಕೇಳುವ ಹಕ್ಕಿದೆ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರೋದು ಬೀದರಿನಲ್ಲಿ, ಕಲಬುರಗಿಯಿಂದ ಕಮಲಾಪುರದ ಮೇಲೆ ಹೋಗುವ ಅದೇ ರಸ್ತೆಯಲ್ಲಿ. 371(ಜೆ) ಬಂದಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಕೂತಿದೆ. ನುರಿತ ಸರ್ಜನ್ನರು, ಒಂದು ಸುಸಜ್ಜಿತ ಆಪರೇಷನ್ ಕೇಂದ್ರ, ಪ್ರತಿ ವರ್ಷ ನಿಲ್ಲದ ಅನುದಾನ, ಇಷ್ಟನ್ನು ಈ ಮೂರು ಕಡೆ ಸೇರಿಸಿ ಕೊಡಿ ಅಂತ ಯಾವ ಜನಪ್ರತಿನಿಧಿಯಾದರೂ ಕೇಳಲಿ. ವೋಟು ಬರಲ್ಲ ಅಂತ ಕೇಳದಿದ್ದರೆ ನಾವು ಕೇಳಬೇಕು.

ಕೆರೆ ರಸ್ತೆಯ ಆಯಿಯಂಥವರನ್ನು ಈ ಕೆಲಸದಲ್ಲಿ ದೂರ ಇಡಬೇಡಿ. ಯಾವ ಹೆಣ್ಣು ಎಲ್ಲಿ ಮಲಗುತ್ತೆ, ಯಾವುದು ಗಬ್ಬ, ಯಾವುದರ ಕಿವಿ ಕತ್ತರಿಸಿಲ್ಲ, ಎಲ್ಲಾ ಅವರಿಗೆ ಗೊತ್ತು. ಓಡಿಸಿ ಹಿಡಿಯುವ ನಾಯಿ ಅವರ ಕೈಗೆ ತಾನಾಗೇ ಬರುತ್ತೆ.

ಕ್ಯಾಲೆಂಡರ್ ಹೀಗಿದೆ. ನಮ್ಮ ಕಡೆ ನಾಯಿಗಳು ಹೆಚ್ಚಾಗಿ ಬೆದೆಗೆ ಬರೋದು ಮಳೆಗಾಲ ಮುಗಿಯುತ್ತಾ ಕಾರ್ತಿಕದ ಆಸುಪಾಸು, ಮರಿ ಹಾಕೋದು ಚಳಿಯಲ್ಲಿ. ಹೋಳಿ ಮುಗಿದು ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಆ ಮರಿಗಳು ಎರಡು-ಮೂರು ತಿಂಗಳವು, ಜಾತ್ರೆಯ ಜನರ ಕಾಲಲ್ಲಿ ಓಡಾಡುತ್ತಿರುತ್ತವೆ. ಮನೆಗೆ ಒಯ್ಯೋಕೆ ಅದು ಸರಿಯಾದ ವಯಸ್ಸು. ತಂದ ವಾರದಲ್ಲೇ ಜಂತು ಔಷಧಿ, ಪಾರ್ವೊ-ಡಿಸ್ಟೆಂಪರ್ ಲಸಿಕೆ, ಮೂರು ತಿಂಗಳು ತುಂಬಿದ ಮೇಲೆ ರೇಬಿಸ್ ಲಸಿಕೆ. ಮುಂಗಾರು ಶುರುವಾಗುವಾಗ ಅದಕ್ಕೆ ಆರು ತಿಂಗಳು. ಆಪರೇಷನ್‌ಗೆ ಪಶು ಆಸ್ಪತ್ರೆಯಲ್ಲಿ ಆಗ ಹೆಸರು ಬರೆಸಿದರೆ, ಮುಂದಿನ ಕಾರ್ತಿಕಕ್ಕೆ ಇನ್ನೂ ನಾಲ್ಕೈದು ತಿಂಗಳು ಇರುತ್ತೆ.